ಹಗ್ಗದ ತುದಿಯಲ್ಲೊಂದು ಜೀವ

ಗೋಳಗುಮ್ಮಟದ ಎದುರಿಗಿರುವ ನಕ್ಕಾರಖಾನೆಯೊಳಗೆ ಒಂದು ವಸ್ತುಸಂಗ್ರಹಾಲಯವಿದೆ. ವಿಜಯಪುರ ನೋಡಲು ಬಂದವರ ಕಣ್ಣು ಗುಮ್ಮಟದ ಮೇಲೇ ನೆಟ್ಟಿರುತ್ತದೆ. ಪಿಸುಮಾತು ಏಳೇಳು ಸಲ ಮರುದನಿಸುವುದನ್ನು ಕೇಳುವ ಆತುರದಲ್ಲಿ ಹೆಚ್ಚಿನವರು ಈ ಕಟ್ಟಡವನ್ನು ಬೇಗ ದಾಟಿಬಿಡುತ್ತಾರೆ. ಒಳಗೆ ಹೋದವರಿಗೆ ಶಾಸನಗಳು, ಜಿನಬಿಂಬಗಳು, ಆದಿಲಶಾಹಿ ಕಾಲದ ಆಯುಧಗಳ ಜೊತೆಗೆ ವೀರಗಲ್ಲುಗಳೂ ಕಾಣಸಿಗುತ್ತವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ಸತ್ತವನನ್ನು ಎರಡೂ ಕಡೆ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಲಿಂಗದ ಮುಂದೆ ಕೈಮುಗಿದು ಕೂತ ವೀರ. ನೆತ್ತಿಯ ಮೇಲೆ ಸೂರ್ಯ, ಚಂದ್ರ. ಅವೆರಡೂ ಇರುವವರೆಗೆ ಈ ಹೆಸರು ಇರಲಿ ಎಂಬ ಆಸೆ ಅದು.

ವೀರಗಲ್ಲು ಎಂದೊಡನೆ ಕತ್ತಿ, ಗುರಾಣಿ, ಅರಸರ ಯುದ್ಧ ನೆನಪಿಗೆ ಬರುವುದು ಸಹಜ. ಆದರೆ ಅರಸರ ಯುದ್ಧಕ್ಕೆ ಸಂಬಂಧವೇ ಇಲ್ಲದ ವೀರಗಲ್ಲುಗಳು ಕನ್ನಡ ನಾಡಿನಲ್ಲಿ ರಾಶಿ ರಾಶಿ ಇವೆ. ಊರಿನ ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ದನಗಳನ್ನು ಬಿಡಿಸಿ ತಾನು ಸತ್ತವನಿಗೆ ತುರುಗೊಳ್ ಕಲ್ಲು. ಊರಿಗೆ ಕೊಳ್ಳಿ ಬಿದ್ದಾಗ ಅಡ್ಡ ನಿಂತು ಸತ್ತವನಿಗೆ ಊರಳಿವಿನ ಕಲ್ಲು. ಹೆಣ್ಣುಮಕ್ಕಳ ಮೇಲೆ ಕೈಮಾಡಿದವರನ್ನು ತಡೆಯಲು ಹೋಗಿ ಪ್ರಾಣ ಬಿಟ್ಟವನಿಗೆ ಇನ್ನೊಂದು ಬಗೆಯ ಕಲ್ಲು. ಈ ಕೊನೆಯದನ್ನು ಶಾಸನಗಳು ಪೆಣ್ಬುಯ್ಯಲ್ ಎಂದು ಕರೆಯುತ್ತವೆ. ಹೆಣ್ಣುಮಕ್ಕಳ ಹುಯ್ಯಲು, ಅಂದರೆ ಕೂಗು, ಆ ಪದದೊಳಗೇ ಇದೆ. ಕೂಗು ಕೇಳಿಸಿತು, ಓಡಿದ, ಉಳಿಸಿದ, ಸತ್ತ. ಪರಾಕ್ರಮದ ಕಥೆ ಎಷ್ಟೋ ಅಷ್ಟೇ ಇದು ಪ್ರಾಣರಕ್ಷಣೆಯ ಕಥೆಯೂ ಹೌದು. ಆರ್. ಶೇಷಶಾಸ್ತ್ರಿ, ಎಂ. ಚಿದಾನಂದಮೂರ್ತಿ ಮೊದಲಾದ ವಿದ್ವಾಂಸರು ವರ್ಷಗಟ್ಟಲೆ ಈ ಕಲ್ಲುಗಳ ಬೆನ್ನುಹತ್ತಿದ್ದರಿಂದ ನಮಗೆ ಇಷ್ಟಾದರೂ ತಿಳಿದಿದೆ.

ಕಲ್ಲಿನ ಜೊತೆಗೆ ಭೂಮಿಯೂ ಸಿಗುತ್ತಿತ್ತು. ಬಹುಕಾಲ ಕನ್ನಡದ ಮೊದಲ ಶಾಸನವೆಂದೇ ಹೆಸರಾದ ಹಲ್ಮಿಡಿಯ ಬರಹ ಸುಮಾರು ಕ್ರಿ.ಶ. 450ರದು. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಬೇಲೂರು ತಾಲೂಕಿನಲ್ಲಿ ಅದನ್ನು ಬೆಳಕಿಗೆ ತಂದರು. ಅದರಲ್ಲಿರುವುದು ದೇವರ ಸ್ತುತಿಯಷ್ಟೇ ಅಲ್ಲ. ಹೋರಾಡಿ ಗೆದ್ದ ವಿಜ ಅರಸನೆಂಬವನಿಗೆ ಎರಡು ಹಳ್ಳಿಗಳನ್ನು ಕೊಟ್ಟ ದಾಖಲೆ ಅದು. ಆ ಕೊಡುಗೆಯ ಹೆಸರು ಬಾಳ್ಗಚ್ಚು. ಬಾಳ್ ಎಂದರೆ ಕತ್ತಿ, ಕಚ್ಚು ಎಂದರೆ ತೊಳೆ. ವೀರನ ಕತ್ತಿ ತೊಳೆದು ಕೊಟ್ಟ ಭೂಮಿ. ಕನ್ನಡ ಭಾಷೆ ಕಲ್ಲಿನ ಮೇಲೆ ಮಾತಾಡಲು ತೊಡಗಿದ ಹೊತ್ತಿನಲ್ಲೇ ಒಬ್ಬನ ಧೈರ್ಯಕ್ಕೆ ಸಾಕ್ಷಿ ಹೇಳಿತು. ಈ ಸಂಗತಿಯನ್ನು ಶಾಲೆಯ ಮಕ್ಕಳಿಗೆ ಇನ್ನಷ್ಟು ಒತ್ತಿ ಹೇಳಬೇಕು. ಹೋರಾಡುತ್ತ ಸತ್ತವನ ಮನೆಯವರಿಗೆ ಕೊಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು. ಚೆಲ್ಲಿದ ನೆತ್ತರಿಗೆ ಕೊಟ್ಟದ್ದು ಎಂದು ಅರ್ಥ. ಬೇರೆ ವಿವರಣೆ ಬೇಡ.

ಮದ್ದೂರು ತಾಲೂಕಿನ ಆತಕೂರಿನ ಕಲ್ಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 949ರ ತಕ್ಕೋಲದ ಯುದ್ಧದಲ್ಲಿ ಮಣಲೇರನೆಂಬ ವೀರನ ಸಾಹಸ ನೋಡಿ ಮೆಚ್ಚಿದ ಅರಸ, ಬೇಕಾದ್ದನ್ನು ಕೇಳು ಎಂದನಂತೆ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು ಹೋರಾಡಿತು, ಹಂದಿಯೂ ನಾಯಿಯೂ ಸತ್ತವು. ಕಾಳಿಗೆ ಕಲ್ಲು ನಿಲ್ಲಿಸಿದರು, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯ ಧೈರ್ಯವನ್ನೂ ಮರೆಯದ ನಾಡಿದು.

ಹೀಗೆ ಹಳೆಯ ಕನ್ನಡ ನಾಡು ಧೈರ್ಯವಂತನಿಗೆ ಎರಡು ಮಾತು ಕೊಟ್ಟಿತ್ತು. ನಿನ್ನ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ, ನಿನ್ನ ಮನೆಯವರು ಉಪವಾಸ ಬೀಳುವುದಿಲ್ಲ. ಪದಕಗಳ ಕಾಲ ಬಂದ ಮೇಲೆ ಈ ಎರಡು ಮಾತುಗಳಲ್ಲಿ ಯಾವುದು ಎಷ್ಟು ನಡೆಯಿತು ಎಂದು ನೋಡಬೇಕಾದರೆ ವಿಜಯಪುರದಿಂದ ಬಲು ದೂರ ಹೋಗಬೇಕು, ಕಡಲಿಗೆ.

1866ರ ಮಾರ್ಚ್ 23. ಇಂಗ್ಲೆಂಡಿನ ಡೆವನ್ ಕರಾವಳಿಯ ಸ್ಟಾರ್ಟ್ ಪಾಯಿಂಟ್ ಬಳಿ 'ಸ್ಪಿರಿಟ್ ಆಫ್ ದಿ ಓಷನ್' ಎಂಬ ಹಡಗು ಬಿರುಗಾಳಿಗೆ ಸಿಕ್ಕು ಬಂಡೆಗಳ ಕಡೆ ತೇಲಿಬರುತ್ತಿತ್ತು. ದಂಡೆಯಲ್ಲಿ ಅದನ್ನು ಕಂಡವನು ಸ್ಯಾಮ್ಯುಯೆಲ್ ಪೊಪಲ್‌ಸ್ಟೋನ್. ನಾವಿಕನಲ್ಲ, ಒಕ್ಕಲಿಗ, ಗೇಣಿಗೆ ಹೊಲ ಮಾಡುತ್ತಿದ್ದವನು. ಒಂದು ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಅವನು ಬಂಡೆಗಳ ಮೇಲೆ ಇಳಿದ. ಅಲೆಯೊಂದು ಅವನನ್ನೂ ಬಂಡೆಯಿಂದ ಕೆಳಗೆ ಎಳೆದು ಹಾಕಿತು. ಎದ್ದು ಮತ್ತೆ ಬಂಡೆ ಹಿಡಿದ. ಹಡಗು ಒಡೆದು ಚೂರಾದಾಗ ನೀರಿನಲ್ಲಿ ಸಿಕ್ಕವರನ್ನು ಆ ಹಗ್ಗದಿಂದಲೇ ಎಳೆದು ದಡಕ್ಕೆ ಹಾಕಿದ. ಅದೇ ತಿಂಗಳು ವಿಕ್ಟೋರಿಯಾ ರಾಣಿ, ಸಮುದ್ರದಲ್ಲಿ ಪ್ರಾಣ ಉಳಿಸಿದವರಿಗೆಂದು, ತೀರಿಹೋದ ತನ್ನ ಗಂಡನ ಹೆಸರಿನಲ್ಲಿ ಆಲ್ಬರ್ಟ್ ಪದಕವನ್ನು ಸ್ಥಾಪಿಸಿದ್ದಳು. ಕಡಲಿಗೆಂದು ಮಾಡಿದ ಆ ಪದಕ ಮೊದಲು ಸೇರಿದ್ದು ಒಬ್ಬ ರೈತನ ಎದೆಗೆ. ವಿಜಯಪುರ ಸೀಮೆಯ ಟಿಕೋಟಾದ ದ್ರಾಕ್ಷಿ ತೋಟದ ರೈತನಿಗೂ ಬಬಲೇಶ್ವರದ ಬಿಳಿಜೋಳದ ರೈತನಿಗೂ ಈ ಸಂಗತಿ ಹತ್ತಿರದ್ದು. ಹಗ್ಗ ಹಿಡಿಯಲು ಗೊತ್ತಿರುವ ಕೈ ಅದು.

ಆಲ್ಬರ್ಟ್ ಪದಕಕ್ಕಿಂತ ಮೊದಲೇ ಅಲ್ಲಿ ಇನ್ನೊಂದು ಪದಕವಿತ್ತು. ಐಲ್ ಆಫ್ ಮ್ಯಾನ್ ದ್ವೀಪದ ವಿಲಿಯಂ ಹಿಲರಿ ಎಂಬಾತ ತನ್ನ ಕಣ್ಣೆದುರು ಹಡಗುಗಳು ಒಡೆಯುವುದನ್ನು ನೋಡಿ ನೋಡಿ ಬೇಸತ್ತು, 1824ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಜೀವರಕ್ಷಕ ದೋಣಿಗಳ ರಾಷ್ಟ್ರೀಯ ಸಂಸ್ಥೆಯನ್ನು ಕಟ್ಟಿಸಿದ. ದೋಣಿಗೆ ಹೋಗುವವರು ಸಂಬಳದ ಸೈನಿಕರಲ್ಲ, ಆಯಾ ಊರಿನ ಬೆಸ್ತರು, ಅಂಬಿಗರು. ಗಾಳಿ ಎದ್ದಾಗ ಬೇರೆಯವರು ದೋಣಿಗಳನ್ನು ದಡಕ್ಕೆ ಎಳೆದರೆ, ಇವರು ತಮ್ಮದನ್ನು ನೀರಿಗೆ ನೂಕುತ್ತಿದ್ದರು. ಸಂಸ್ಥೆ ಅಂಥವರಿಗೆ ಚಿನ್ನದ, ಬೆಳ್ಳಿಯ ಪದಕ ಕೊಟ್ಟಿತು. 1838ರಲ್ಲಿ ಫಾರ್ನ್ ದ್ವೀಪಗಳ ದೀಪಸ್ತಂಭದಿಂದ ಅಪ್ಪನ ಜೊತೆ ಹುಟ್ಟುಹಾಕುತ್ತ ಹೋಗಿ, ಒಡೆದ ಹಡಗಿನವರನ್ನು ಕರೆತಂದ 22 ವರ್ಷದ ಗ್ರೇಸ್ ಡಾರ್ಲಿಂಗ್ ಬೆಳ್ಳಿಯ ಪದಕ ಪಡೆದಳು. ಮನೆಮನೆಯಲ್ಲಿ ಅವಳ ಚಿತ್ರ ತೂಗಿತು. ನಾಲ್ಕು ವರ್ಷಕ್ಕೆ ಕ್ಷಯರೋಗದಿಂದ ತೀರಿಕೊಂಡಳು.

1861ರ ಫೆಬ್ರುವರಿಯಲ್ಲಿ ವಿಟ್ಬಿ ಊರಿನ ದೋಣಿ ಒಂದೇ ದಿನ ಹಲವು ಸಲ ಬಿರುಗಾಳಿಯಲ್ಲಿ ಹೋಗಿ ಬಂದು, ಕೊನೆಯ ಸಲ ಮಗುಚಿತು. 13 ಜನರಲ್ಲಿ 12 ಮಂದಿ ಮುಳುಗಿದರು. ಉಳಿದವನು ಹೆನ್ರಿ ಫ್ರೀಮನ್ ಒಬ್ಬನೇ. ಆಗಷ್ಟೇ ಬಳಕೆಗೆ ಬಂದಿದ್ದ ಬೆಂಡಿನ ಅಂಗಿ ತೊಟ್ಟಿದ್ದವನು ಅವನೊಬ್ಬನೇ. ಅವನಿಗೆ ಬೆಳ್ಳಿ ಪದಕ ಬಂತು. ಆ ಅಂಗಿ ತೊಟ್ಟ ಅವನ ಫೋಟೊ ಎಲ್ಲೆಡೆ ಹಬ್ಬಿತು.

ಬೆಂಡು ತೇಲಿಸುತ್ತದೆ ಎಂಬುದು ಕೃಷ್ಣಾತೀರದವರಿಗೆ ಹೊಸದಲ್ಲ. ಒಣಗಿದ ಸೋರೆ ಬುರುಡೆಗಳನ್ನು ಹಗ್ಗದಲ್ಲಿ ಪೋಣಿಸಿ ಸೊಂಟಕ್ಕೆ, ಬೆನ್ನಿಗೆ ಕಟ್ಟಿಕೊಂಡು ಹೊಳೆ ದಾಟುವುದು, ಬಾವಿಯಲ್ಲಿ ಮಕ್ಕಳಿಗೆ ಈಸು ಕಲಿಸುವುದು ಈ ಭಾಗದ ಹಳೆಯ ರೂಢಿ. ಬುರುಡೆ ಒಡೆಯದಂತೆ ನೋಡಿಕೊಳ್ಳುವುದೂ ಒಂದು ಕೆಲಸ. ಮಳೆಗಾಲ ಮುಗಿದ ಮೇಲೆ ಅವು ಮನೆಯ ಜಂತಿಗೆ ತೂಗುತ್ತಿದ್ದವು. ಹೊಳೆ ತುಂಬಿದಾಗ ಹರಗೋಲು ಬರುತ್ತಿತ್ತು. ಬಿದಿರಿನ ಬುಟ್ಟಿಗೆ ತೊಗಲು ಬಿಗಿದು ಮಾಡಿದ ದುಂಡನೆಯ ದೋಣಿ ಅದು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 16ನೆಯ ಶತಮಾನದಲ್ಲೇ ಇದರ ವರ್ಣನೆ ಬರೆದಿಟ್ಟ. 1800ರಲ್ಲಿ ಬಂಡೆದ್ದ ಧೊಂಡಿಯಾ ವಾಘನ ಬೆನ್ನುಹತ್ತಿ ಈ ಸೀಮೆಯ ಹೊಳೆಗಳನ್ನು ದಾಟಬೇಕಾಗಿ ಬಂದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯವೂ ಇಂಥ ಬುಟ್ಟಿದೋಣಿಗಳನ್ನೇ ನಂಬಿತ್ತು. ನೀರಿನ ಸೆಳವಿಗೆ ದೋಣಿ ತಿರುಗುತ್ತದೆ, ಮುಳುಗುವುದಿಲ್ಲ. ಅದನ್ನು ಒಂದೇ ಹುಟ್ಟಿನಲ್ಲಿ ಗುರಿಗೆ ಮುಟ್ಟಿಸುವುದು ಅಂಬಿಗರಿಗೆ ಮಾತ್ರ ಒಲಿದ ವಿದ್ಯೆ. ಕನ್ನಡದ ಶರಣರಲ್ಲಿ ಚೌಡಯ್ಯನ ಹೆಸರಿನ ಮೊದಲಿಗೇ 'ಅಂಬಿಗರ' ಎಂದು ಕಸುಬು ಕೂತದ್ದು ಸುಮ್ಮನೆ ಅಲ್ಲ.

ವಿಜಯಪುರ ನಗರ, ಟಿಕೋಟಾ, ಬಬಲೇಶ್ವರದ ಮಟ್ಟಿಗೆ ಕೃಷ್ಣೆಯೂ ದೂರವೇ. ಇಲ್ಲಿನದು ಡೋಣಿ. ಮಹಾರಾಷ್ಟ್ರದ ಜತ್ತದ ಕಡೆ ಹುಟ್ಟಿ ಈ ತಾಲೂಕುಗಳ ಎರೆಮಣ್ಣಿನ ನಡುವೆ ಹಾದು, ಮುಂದೆ ಕೃಷ್ಣೆಯನ್ನು ಸೇರುವ ಹೊಳೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಜನ ಆಡಿಕೊಳ್ಳುವಷ್ಟು ಅದರ ಇಬ್ಬದಿಯ ಭೂಮಿ ಫಲವತ್ತು. ನೀರು ಮಾತ್ರ ಉಪ್ಪು. ಬೇಸಿಗೆಯಲ್ಲಿ ದಾಟಲು ಚಪ್ಪಲಿ ಬಿಚ್ಚುವ ಅಗತ್ಯವೂ ಬೀಳದ ಹೊಳೆ, ಮೇಲೆಲ್ಲೋ ಮಳೆಯಾದರೆ ಒಂದು ರಾತ್ರಿಯಲ್ಲಿ ಸೇತುವೆಯನ್ನು ಮುಚ್ಚಿಬಿಡುತ್ತದೆ. ಆಗ ಹೊಲದಲ್ಲಿ ಸಿಕ್ಕಿಬಿದ್ದವರನ್ನು ತರುವುದು ಊರಿನ ಈಸುಗಾರರ ಪಾಲಿನ ಕೆಲಸ.

ಹೊಳೆಗಿಂತ ಬಾವಿಯೇ ಇಲ್ಲಿನ ಜನರ ಬದುಕಿಗೂ ಸಾವಿಗೂ ಹತ್ತಿರ. ಆದಿಲಶಾಹಿಗಳು ಬಾವಿಯನ್ನು ಅರಮನೆಯಷ್ಟೇ ಅಕ್ಕರೆಯಿಂದ ಕಟ್ಟಿದರು. ಒಂದನೆಯ ಅಲಿ ಆದಿಲಶಹನ ಕಾಲದ ಚಾಂದ ಬಾವಡಿ 1579ರದು. ಎರಡನೆಯ ಇಬ್ರಾಹಿಮನ ಕಾಲದ ತಾಜ ಬಾವಡಿ 1620ರದು, ಮಲಿಕ್ ಸಂದಲ್ ಕಟ್ಟಿಸಿದ್ದು. ತೊರವಿಯ ಕಡೆಯಿಂದ ನೆಲದಡಿಯ ಸುರಂಗಗಳಲ್ಲಿ ನೀರು ನಗರಕ್ಕೆ ಹರಿದು ಬರುತ್ತಿತ್ತು. ಬಬಲೇಶ್ವರದ ಸೀಮೆಯ ಮಮದಾಪುರದಲ್ಲಿ ಮಹಮ್ಮದ ಆದಿಲಶಹ 1633ರಲ್ಲಿ ಕಟ್ಟಿಸಿದ ಕೆರೆ ಇಂದಿಗೂ ಇದೆ. ಬಾವಿ ಇದ್ದಲ್ಲಿ ಬಿದ್ದವರೂ ಇರುತ್ತಾರೆ, ಇಳಿದು ಎತ್ತಿದವರೂ ಇರುತ್ತಾರೆ. ಬಿದ್ದ ಕೊಡ ತೆಗೆಯಲು ಕೊಕ್ಕೆಗಳ ಗೊಂಚಲಾದ ಪಾತಾಳಗರಡಿ ಪ್ರತಿ ಓಣಿಯಲ್ಲೊಂದು ಮನೆಯಲ್ಲಿ ಇರುತ್ತಿತ್ತು. ಬಿದ್ದ ಮನುಷ್ಯನನ್ನು ತೆಗೆಯಲು ಅದು ಸಾಲದು, ಮನುಷ್ಯನೇ ಇಳಿಯಬೇಕು. ಸೊಂಟಕ್ಕೆ ಬಾವಿಹಗ್ಗ ಬಿಗಿದು, ಮೇಲೆ ನಾಲ್ಕು ಜನ ಹಗ್ಗ ಹಿಡಿದರೆ ಇಳಿಯುವವನೊಬ್ಬ ಊರಿನಲ್ಲಿ ಇರುತ್ತಿದ್ದ. ಅವನಿಗೆ ಸಿಗುತ್ತಿದ್ದದ್ದು ಕಟ್ಟೆಯ ಮೇಲಿನ ಶಾಬಾಸ್, ಒಂದು ತೆಂಗಿನಕಾಯಿ, ಬಹಳವೆಂದರೆ ಒಂದು ರುಮಾಲು ಅಥವಾ ಧೋತರ.

ಜಾತ್ರೆಯಲ್ಲಿ ಭಾರದ ಕಲ್ಲು ಎತ್ತಿದವನಿಗೆ, ಕುಸ್ತಿ ಗೆದ್ದವನಿಗೆ ಬೆಳ್ಳಿಯ ಕಡೆ ತೊಡಿಸಿ ಮೆರವಣಿಗೆ ಮಾಡುವ ಊರುಗಳಿವು. ಮೈಯ ಬಲಕ್ಕೆ ಬೆಳ್ಳಿ ಇತ್ತು. ಬಾವಿಗಿಳಿದವನಿಗೆ ಬೆಳ್ಳಿ ತೊಡಿಸುವ ರೂಢಿ ಮಾತ್ರ ಅಷ್ಟಾಗಿ ಬೆಳೆಯಲಿಲ್ಲ. ನೆರೆಯವರ ಮಗು ಬಿದ್ದಾಗ ಇಳಿಯುವುದು ದೊಡ್ಡ ಕೆಲಸವೆಂದು ಇಳಿದವನೇ ಅಂದುಕೊಳ್ಳುತ್ತಿರಲಿಲ್ಲ. ಅದು ಅವನ ದೊಡ್ಡತನ. ಆದರೆ ಅವನು ಅಂದುಕೊಳ್ಳಲಿಲ್ಲವೆಂದು ಊರೂ ಬರೆದಿಡದೆ ಬಿಟ್ಟದ್ದು ಊರಿಗೆ ಆದ ನಷ್ಟ.

ಸಮುದ್ರದ ಪದಕ ನೆಲಕ್ಕೆ ಬಂದದ್ದು ಒಂದು ಗಣಿಯಿಂದಾಗಿ. 1877ರ ಏಪ್ರಿಲ್‌ನಲ್ಲಿ ವೇಲ್ಸ್‌ನ ಟೈನ್‌ವಿಡ್ ಕಲ್ಲಿದ್ದಲು ಗಣಿಗೆ ಪಕ್ಕದ ಹಳೆಯ ಗಣಿಯ ನೀರು ನುಗ್ಗಿತು. ಒಳಗೆ ಸಿಕ್ಕವರು ಕತ್ತಲಲ್ಲಿ, ನೀರಿನ ಒತ್ತಡಕ್ಕೆ ಬಿಗಿದ ಗಾಳಿಯ ಗುಳ್ಳೆಯೊಳಗೆ ಉಳಿದುಕೊಂಡರು. ಜೊತೆಗಾರರು ಸರದಿಯ ಮೇಲೆ ಕಲ್ಲಿದ್ದಲಿನ ಗೋಡೆ ಕೊರೆದರು. ಒಳಗಿನವರು ಗೋಡೆಗೆ ಬಡಿಯುವ ಸದ್ದೇ ಅವರಿಗೆ ದಿಕ್ಕು. ಕೊನೆಯ ಐವರನ್ನು ಹೊರಗೆ ತಂದಾಗ ಒಂಬತ್ತು ದಿನ ಕಳೆದಿತ್ತು. ಇಡೀ ದೇಶ ಉಸಿರು ಹಿಡಿದು ಕಾದಿತ್ತು. ಆಲ್ಬರ್ಟ್ ಪದಕ ಸಮುದ್ರದವರಿಗಷ್ಟೇ ಎಂಬ ನಿಯಮವನ್ನು ರಾಣಿ ಅದೇ ತಿಂಗಳು ಸಡಿಲಿಸಿದಳು. ಆ ಗಣಿಯ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಪದಕ ಸಿಕ್ಕಿತು. ಒಬ್ಬನಿಗಲ್ಲ, ತಂಡಕ್ಕೆ. ಮಣ್ಣಿನೊಳಗೆ ಸಿಕ್ಕ ಜೀವವನ್ನು ತೆಗೆಯಲು ಒಬ್ಬನಿಂದ ಆಗದು ಎಂಬುದನ್ನು ಆ ಪಟ್ಟಿಯೇ ಹೇಳುತ್ತದೆ. ವಿಜಯಪುರದವರಿಗೆ ಈ ಮಾತು ಚೆನ್ನಾಗಿ ಗೊತ್ತು. ಆ ಕಥೆ ಮುಂದೆ ಬರುತ್ತದೆ.

ಸತ್ತವರ ಮನೆಯವರ ಪಾಡನ್ನು ಅಲ್ಲಿಯವರು ಎದುರಿಸಿದ್ದು ಇನ್ನೊಂದು ದುರಂತದ ನಂತರ. 1886ರ ಡಿಸೆಂಬರ್ 9ರ ರಾತ್ರಿ 'ಮೆಕ್ಸಿಕೊ' ಎಂಬ ಹಡಗಿನವರನ್ನು ಉಳಿಸಲು ಲ್ಯಾಂಕಶೈರ್ ಕರಾವಳಿಯಿಂದ ಹೊರಟ ಮೂರು ದೋಣಿಗಳಲ್ಲಿ ಎರಡು ಮಗುಚಿ 27 ಮಂದಿ ಸತ್ತರು. ಹಿಂದೆ ಉಳಿದವರು 16 ವಿಧವೆಯರು, 50 ಮಕ್ಕಳು. ಪದಕ ತಿಂದು ಹೊಟ್ಟೆ ತುಂಬದು. ಊರೂರಿನಿಂದ ನಿಧಿ ಕೂಡಿತು. 1891ರಲ್ಲಿ ಮ್ಯಾಂಚೆಸ್ಟರ್ ನಗರದ ಬೀದಿಗಳಲ್ಲಿ ಜೀವರಕ್ಷಕ ದೋಣಿಗಳ ಮೆರವಣಿಗೆ ಮಾಡಿ, ನೋಡಲು ನಿಂತವರಿಂದ ಚಂದಾ ಎತ್ತಿದರು. ಅದೇ ಪದ್ಧತಿ ಬೇರೆ ಊರುಗಳಿಗೂ ಹಬ್ಬಿತು. ಸಾವಿರ ವರ್ಷ ಹಿಂದೆ ಕನ್ನಡ ನಾಡು ನೆತ್ತರುಗೊಡಗೆ ಎಂದು ಕರೆದದ್ದನ್ನು ಕೈಗಾರಿಕೆಯ ನಗರವೊಂದು ತನ್ನದೇ ರೀತಿಯಲ್ಲಿ ಕಂಡುಕೊಂಡಿತು.

ಸ್ವಾತಂತ್ರ್ಯ ಬಂದ ಮೇಲೆ ಭಾರತ ತನ್ನದೇ ಪದಕಗಳನ್ನು ಮಾಡಿಕೊಂಡಿತು. ಮಕ್ಕಳ ಶೌರ್ಯ ಪ್ರಶಸ್ತಿ ಹುಟ್ಟಿದ್ದು ಒಂದು ಬೆಂಕಿಯಿಂದ. 1957ರ ಅಕ್ಟೋಬರ್ 2ರಂದು ದಿಲ್ಲಿಯ ರಾಮಲೀಲಾ ಮೈದಾನದಲ್ಲಿ ಪ್ರಧಾನಿ ನೆಹರೂ ಕೂತಿದ್ದ ಕಾರ್ಯಕ್ರಮದ ಶಾಮಿಯಾನಕ್ಕೆ ಬೆಂಕಿ ತಗಲಿತು. 14 ವರ್ಷದ ಸ್ಕೌಟ್ ಹುಡುಗ ಹರೀಶಚಂದ್ರ ಮೆಹ್ರಾ ಕಂಬ ಹತ್ತಿ, ಚಾಕುವಿನಿಂದ ಉರಿಯುವ ಬಟ್ಟೆ ಕತ್ತರಿಸಿ ಜನರನ್ನು ಉಳಿಸಿದ. ಮರುವರ್ಷ ಅವನಿಗೆ ಸಿಕ್ಕದ್ದೇ ಮೊದಲ ಪ್ರಶಸ್ತಿ. ಎಲ್ಲ ವಯಸ್ಸಿನವರಿಗೂ ಸಲ್ಲುವ ಜೀವನ ರಕ್ಷಾ ಪದಕ 1961ರಲ್ಲಿ ಬಂತು. ನೀರು, ಬೆಂಕಿ, ಅಪಘಾತ, ಗಣಿ, ಎಲ್ಲಿಂದ ಉಳಿಸಿದರೂ ಸಲ್ಲುತ್ತದೆ. ಇದರಲ್ಲಿ ಸರ್ವೋತ್ತಮ, ಉತ್ತಮ, ಸಾದಾ ಎಂದು ಮೂರು ದರ್ಜೆ. ಪದಕದ ಮುಖದ ಮೇಲೆ ಅಭಯ ನೀಡುವ ಹಸ್ತವಿದೆ, ಅಂಜಬೇಡ ಎಂಬರ್ಥದ ಸಂಸ್ಕೃತದ ಮಾತಿದೆ. ಪದಕಗಳಲ್ಲಿ ಇಷ್ಟು ಚಂದದ ಮಾತು ಬರೆದದ್ದು ಅಪರೂಪ. ಮುಳುಗುತ್ತಿರುವ ಮಗುವಿಗೆ ಈಸುಗಾರ ಮೊದಲು ಹೇಳುವುದೂ ಅದನ್ನೇ.

ಈ ಪದಕ ತಾನಾಗಿ ಬರುವುದಿಲ್ಲ. ಘಟನೆ ನಡೆದ ಮೇಲೆ ಯಾರಾದರೂ ಅರ್ಜಿ ಬರೆಯಬೇಕು, ನೋಡಿದವರು ಸಾಕ್ಷಿ ಹೇಳಬೇಕು, ಜಿಲ್ಲಾಡಳಿತದಿಂದ ರಾಜ್ಯಕ್ಕೆ, ರಾಜ್ಯದಿಂದ ದಿಲ್ಲಿಗೆ ಶಿಫಾರಸು ಹೋಗಬೇಕು, ಅದೂ ಗಡುವಿನೊಳಗೆ. ಹಳ್ಳಿಯ ಬಾವಿಕಟ್ಟೆಯಲ್ಲಿ ನಡೆದ ಸಂಗತಿಗೆ ಕಾಗದ ಹಿಡಿದು ಓಡಾಡುವವರು ಯಾರು? ಶಾಲೆಯ ಮಾಸ್ತರರು, ಗ್ರಾಮ ಪಂಚಾಯಿತಿಯ ಸದಸ್ಯರು, ಠಾಣೆಯ ಪೊಲೀಸರು, ಊರಿನ ಪತ್ರಿಕಾ ವರದಿಗಾರರು. ಅವರಲ್ಲಿ ಒಬ್ಬರು ಮನಸ್ಸು ಮಾಡಿದರೆ ಒಂದು ಹೆಸರು ಉಳಿಯುತ್ತದೆ. ಹಳೆಯ ಕಾಲದಲ್ಲಿ ಕಲ್ಲು ನಿಲ್ಲಿಸಿದವರೂ ಇಂಥವರೇ: ಸತ್ತವನ ಹೆಂಡತಿ, ಮಗ, ಅಣ್ಣತಮ್ಮಂದಿರು, ಊರಗಾವುಂಡ. ವೀರಗಲ್ಲಿನ ಶಾಸನಗಳಲ್ಲಿ ಸತ್ತವನ ಹೆಸರಿನ ಜೊತೆ ಕಲ್ಲು ನಿಲ್ಲಿಸಿದವರ ಹೆಸರೂ ಎಷ್ಟೋ ಕಡೆ ಇದೆ.

ಅಂಥ ಒಂದು ಹೆಸರು ಉಳಿದದ್ದು ಬಾಗಲಕೋಟೆಯಿಂದ. 1997ರವರೆಗೆ ಬಾಗಲಕೋಟೆಯೂ ವಿಜಯಪುರ ಜಿಲ್ಲೆಯದೇ ಭಾಗ. ಜಿಲ್ಲೆ ಬೇರೆಯಾದರೂ ಮಾತು, ಊಟ, ಬೀಗತನ ಬೇರೆಯಾಗಿಲ್ಲ. 2017ರ ಮೇ 13ರಂದು 14 ವರ್ಷದ ನೇತ್ರಾವತಿ ಚವ್ಹಾಣ ಕಲ್ಲಿನ ಕ್ವಾರಿಯ ಹೊಂಡದ ಬಳಿ ಬಟ್ಟೆ ಒಗೆಯುತ್ತಿದ್ದಳು. ಕಲ್ಲು ತೆಗೆದು ಬಿಟ್ಟ ಹೊಂಡಗಳಿಗೆ ಮಳೆಯ ನೀರು ತುಂಬಿದರೆ ಅವು ಬಾವಿಗಿಂತ ಅಪಾಯ. ಮೆಟ್ಟಿಲಿಲ್ಲ, ದಂಡೆ ಕಡಿದಾದದ್ದು, ಆಳ ಎಷ್ಟೆಂದು ಮೇಲಿನಿಂದ ತಿಳಿಯುವುದಿಲ್ಲ. ಇಬ್ಬರು ಹುಡುಗರು ಮುಳುಗುವುದು ಕಂಡು ನೇತ್ರಾವತಿ ಹಾರಿದಳು. ತನಗಿಂತ ದೊಡ್ಡವನಾದ ಹುಡುಗನನ್ನು ಮೊದಲು ದಂಡೆಗೆ ತಂದಳು. ಚಿಕ್ಕವನಿಗಾಗಿ ಮತ್ತೆ ನೀರಿಗಿಳಿದಳು. ಗಾಬರಿಯಾದ ಆ ಮಗು ಅವಳ ಕೊರಳು ತಬ್ಬಿಕೊಂಡಿತು. ಇಬ್ಬರೂ ಮೇಲೆ ಬರಲಿಲ್ಲ.

ಗಾಬರಿಯಲ್ಲಿ ಮುಳುಗುವವರು ಹಾಗೆ ತಬ್ಬಿಕೊಳ್ಳುತ್ತಾರೆಂದು ಪಳಗಿದ ಈಸುಗಾರರಿಗೆ ಗೊತ್ತು. ಅದಕ್ಕೇ ಅವರು ಮುಂದಿನಿಂದ ಹೋಗದೆ ಹಿಂದಿನಿಂದ ಹೋಗಿ ಜುಟ್ಟು ಅಥವಾ ಕಂಕುಳು ಹಿಡಿಯುತ್ತಾರೆ, ಇಲ್ಲವೆ ಹಗ್ಗ, ಸೀರೆ, ಕೋಲು ಚಾಚುತ್ತಾರೆ. 14ರ ಹುಡುಗಿಗೆ ಅದನ್ನು ಯಾರೂ ಕಲಿಸಿರಲಿಕ್ಕಿಲ್ಲ. ಒಂದು ಜೀವ ಉಳಿಸಿದ ಮೇಲೂ ಅವಳು ಮತ್ತೆ ಇಳಿದಳು. 2018ರ ಜನವರಿಯಲ್ಲಿ ದಿಲ್ಲಿಯಲ್ಲಿ ಅವಳಿಗೆ ಮರಣೋತ್ತರವಾಗಿ, ಮಕ್ಕಳ ಶೌರ್ಯ ಪ್ರಶಸ್ತಿಗಳಲ್ಲೊಂದಾದ ಗೀತಾ ಚೋಪ್ರಾ ಪ್ರಶಸ್ತಿ ಸಂದಿತು. ಗ್ರೇಸ್ ಡಾರ್ಲಿಂಗಳ ಹೆಸರು ಇಂಗ್ಲೆಂಡಿನ ಮಕ್ಕಳಿಗೆ ಗೊತ್ತಿರುವಷ್ಟೇ ಚೆನ್ನಾಗಿ ನೇತ್ರಾವತಿಯ ಹೆಸರು ವಿಜಯಪುರ, ಬಾಗಲಕೋಟೆಯ ಮಕ್ಕಳಿಗೆ ಗೊತ್ತಿರಬೇಕು.

ಕೃಷ್ಣೆಯ ಕೆಳದಂಡೆಯಲ್ಲಿ ಇನ್ನೊಂದು ಹೆಸರು. 2019ರ ಆಗಸ್ಟ್‌ನಲ್ಲಿ ಮಹಾಪೂರ ಬಂದು ಆಲಮಟ್ಟಿ ಅಣೆಕಟ್ಟಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಕೆಳಕ್ಕೆ ಹರಿದಾಗ ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಹಿರೇರಾಯಕುಂಪಿಯ ಬಳಿ ಸೇತುವೆ ಮುಳುಗಿತ್ತು. ಒಂದು ಆಂಬುಲೆನ್ಸ್ ಬಂದು ನಿಂತಿತು. ಒಳಗೆ ಒಬ್ಬ ಮಹಿಳೆಯ ಶವ, ಜೊತೆಗೆ ಮಕ್ಕಳು. ಸೇತುವೆ ಎಲ್ಲಿ ಮುಗಿದು ಹೊಳೆ ಎಲ್ಲಿ ಶುರುವಾಗುತ್ತದೆಂದು ಚಾಲಕನಿಗೆ ಕಾಣುತ್ತಿರಲಿಲ್ಲ. ದಂಡೆಯಲ್ಲಿದ್ದ 12 ವರ್ಷದ ವೆಂಕಟೇಶ ಸೊಂಟಮಟ್ಟದ ನೀರಿಗಿಳಿದು, ಏಳುತ್ತ ಬೀಳುತ್ತ ಮುಂದೆ ಓಡಿದ. ಅವನ ಹಿಂದೆ ಗಾಡಿ ದಾಟಿತು. ಅಂದು ಆ ಹುಡುಗನ ಕೈಯಲ್ಲಿ ಹಗ್ಗವೂ ಇರಲಿಲ್ಲ; ದಾರಿ ಅವನ ಕಾಲಿಗೆ ಗೊತ್ತಿತ್ತು. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ ನಾಡೆಲ್ಲ ಹಬ್ಬಿ, ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಅವನನ್ನು ಹುಡುಕಿಕೊಂಡು ಬಂತು. ಹಿಂದೆ ಶಿಲ್ಪಿಯ ಉಳಿ ಮಾಡಿದ ಕೆಲಸವನ್ನು ಈಗ ಮೊಬೈಲ್ ಮಾಡಿತು.

ವಿಜಯಪುರ ಜಿಲ್ಲೆಯ ಕಥೆಗೆ ನೀರಿಗಿಂತ ನೀರಿಲ್ಲದ ತೂತು ಹೆಚ್ಚು ಹತ್ತಿರ. ಕೊಳವೆಬಾವಿ. 2014ರ ಜೂನ್‌ನಲ್ಲಿ ವಿಜಯಪುರ ತಾಲೂಕಿನ ನಾಗಠಾಣದಲ್ಲಿ ನಾಲ್ಕು ವರ್ಷದ ಹೆಣ್ಣುಮಗು ತೆರೆದ ಕೊಳವೆಬಾವಿಗೆ ಬಿತ್ತು. ದಿನಗಟ್ಟಲೆ ಅಗೆದರು. ಬಂಡೆ ಬಿಡಲಿಲ್ಲ. ಮಗು ಉಳಿಯಲಿಲ್ಲ. ಬಳಸದ ಕೊಳವೆಬಾವಿಗಳನ್ನು ಮುಚ್ಚಬೇಕು, ಸುತ್ತ ಬೇಲಿ ಹಾಕಬೇಕು ಎಂದು ಸುಪ್ರೀಂ ಕೋರ್ಟು 2010ರಲ್ಲೇ ಹೇಳಿತ್ತು.

ಹತ್ತು ವರ್ಷದ ನಂತರ, 2024ರ ಏಪ್ರಿಲ್ 3ರ ಸಂಜೆ, ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷದೊಳಗಿನ ಗಂಡುಮಗು ಹೊಲದ ಹೊಸ ಕೊಳವೆಬಾವಿಗೆ ತಲೆಕೆಳಗಾಗಿ ಬಿತ್ತು. ಸುಮಾರು ಹದಿನಾರು ಅಡಿಯ ಆಳದಲ್ಲಿ ಸಿಕ್ಕಿಕೊಂಡಿತು. ಕೊಳವೆಯೊಳಗೆ ಕ್ಯಾಮೆರಾ ಇಳಿಸಿದಾಗ ಪುಟ್ಟ ಕಾಲುಗಳು ಅಲ್ಲಾಡುವುದು ಕಂಡಿತು. ಪೈಪಿನಲ್ಲಿ ಆಮ್ಲಜನಕ ಬಿಟ್ಟರು. ಜೆಸಿಬಿ, ಹಿಟಾಚಿಗಳು ಪಕ್ಕದಲ್ಲಿ ಇನ್ನೊಂದು ಗುಂಡಿ ತೋಡಿದವು. ಅಗ್ನಿಶಾಮಕದವರು, ಪೊಲೀಸರು, ರಾಜ್ಯ ಮತ್ತು ರಾಷ್ಟ್ರೀಯ ವಿಪತ್ತು ಪಡೆಗಳು ರಾತ್ರಿಯೆಲ್ಲ ನಿಂತವು. ಅಡ್ಡ ಕೊರೆಯಬೇಕಾದ ಕೊನೆಯ ಕೆಲವು ಅಡಿಗಳಲ್ಲಿ ಗಟ್ಟಿ ಬಂಡೆ. ದೊಡ್ಡ ಯಂತ್ರ ಬಳಸಿದರೆ ಕಂಪನಕ್ಕೆ ಮಗು ಇನ್ನೂ ಕೆಳಗೆ ಜಾರಬಹುದು. ಕೈಯಂತ್ರದಿಂದ ಚೂರು ಚೂರೇ ಒಡೆಯಬೇಕು. ಊರಿನವರು ಲಚ್ಯಾಣದ ಸಿದ್ಧಲಿಂಗ ಮಹಾರಾಜರಿಗೆ ಹರಕೆ ಹೊತ್ತು ಕೂತರು. ಏಪ್ರಿಲ್ 4ರ ಮಧ್ಯಾಹ್ನ, ಸುಮಾರು ಇಪ್ಪತ್ತು ಗಂಟೆಗಳ ನಂತರ, ಮಗು ಜೀವಂತ ಹೊರಗೆ ಬಂತು. ಸೇರಿದ್ದ ಸಾವಿರಾರು ಜನರ ಕೂಗು ಆ ಬಯಲಿನಲ್ಲಿ ಎಷ್ಟು ದೂರ ಕೇಳಿಸಿತೋ.

ವೇಲ್ಸ್‌ನ ಗಣಿಯಲ್ಲಿ 1877ರ ಏಪ್ರಿಲ್‌ನಲ್ಲಿ ನಡೆದದ್ದೇ ಇಲ್ಲಿ ಇನ್ನೊಂದು ಏಪ್ರಿಲ್‌ನಲ್ಲಿ ನಡೆಯಿತು. ಅಲ್ಲಿ ಗೋಡೆಯಾಚೆ ಬಡಿಯುವ ಸದ್ದು, ಇಲ್ಲಿ ಕ್ಯಾಮೆರಾದಲ್ಲಿ ಅಲ್ಲಾಡುವ ಕಾಲು. ಎರಡೂ ಕಡೆ ಕಲ್ಲಿನ ಎದುರು ಮಲಗಿ, ಸರದಿಯ ಮೇಲೆ ಬಂಡೆ ಒಡೆದ ಕೈಗಳು. ಕೊಳವೆಬಾವಿಯ ರಕ್ಷಣೆಯಲ್ಲಿ ಇವನೇ ವೀರ ಎಂದು ಒಬ್ಬನನ್ನು ತೋರಿಸಲು ಬರುವುದಿಲ್ಲ. ಹಿಟಾಚಿಯ ಚಾಲಕ ಒಂದು ಗೇಣು ಹೆಚ್ಚು ಅಗೆದಿದ್ದರೆ? ಆಮ್ಲಜನಕದ ಪೈಪು ಹಿಡಿದವನು ತೂಕಡಿಸಿದ್ದರೆ? ಜೀವರಕ್ಷಕ ದೋಣಿಗಳ ಲೆಕ್ಕ ಬರೆದವರು ಚುಕ್ಕಾಣಿ ಹಿಡಿದವನ ಹೆಸರಿನ ಜೊತೆಗೆ ಹುಟ್ಟುಹಾಕಿದವರೆಲ್ಲರ ಹೆಸರನ್ನೂ ಬರೆದಿಡುತ್ತಿದ್ದರು. ಲಚ್ಯಾಣದಂಥ ಪ್ರಸಂಗಗಳಿಗೂ ಅಂಥದೇ ಒಂದು ಪಟ್ಟಿ ಬೇಕು, ಜಿಲ್ಲೆಯ ದಫ್ತರದಲ್ಲಿ, ಓದಲು ಸಿಗುವ ಹಾಗೆ.

ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಈಗ ಟಿಕೋಟಾ, ಬಬಲೇಶ್ವರದ ಕೆರೆಗಳಿಗೆ ಬರುತ್ತಿದೆ. ಅಜ್ಜಂದಿರ ಕಾಲದಲ್ಲಿ ಬಿರುಕು ಬಿಟ್ಟಿರುತ್ತಿದ್ದ ಕೆರೆಯಂಗಳದಲ್ಲಿ ಆಳದ ನೀರು ನಿಂತಿದೆ. ಕಾಲುವೆಗಳಲ್ಲಿ ಸೆಳವಿದೆ. ಕಾಂಕ್ರೀಟಿನ ಇಳಿಜಾರು ದಂಡೆಯಲ್ಲಿ ಪಾಚಿ ಕಟ್ಟಿದರೆ ಬಿದ್ದವನಿಗೆ ಹಿಡಿಯಲು ಒಂದು ಹುಲ್ಲುಕಡ್ಡಿಯೂ ಸಿಗದು. ಬರದ ನಾಡಿನ ಮಕ್ಕಳಿಗೆ ನೀರು ಹೊಸದು, ಅದರ ಅಪಾಯವೂ ಹೊಸದು.

ಬೇಸಿಗೆ ರಜೆಯ ಬೆಳಗುಗಳಲ್ಲಿ ಈ ಕಡೆಯ ತೋಟದ ಬಾವಿಗಳ ಬಳಿ ಈಗಲೂ ಗದ್ದಲವಿರುತ್ತದೆ. ಸೋರೆ ಬುರುಡೆಯ ಜಾಗದಲ್ಲಿ ಎಣ್ಣೆಯ ಖಾಲಿ ಪ್ಲಾಸ್ಟಿಕ್ ಕ್ಯಾನು ಬಂದಿದೆ, ಕೆಲವರ ಬೆನ್ನಿಗೆ ಥರ್ಮಾಕೋಲು. ಕ್ಯಾನು ಕಟ್ಟಿಕೊಂಡ ಹುಡುಗ ಮೆಟ್ಟಿಲ ಮೇಲೆ ಮೂಗು ಹಿಡಿದು ನಿಂತಿರುತ್ತಾನೆ. 'ಅಂಜಬ್ಯಾಡೋ, ಹಾರು, ನಾ ಅದೀನಲ್ಲ' ಎನ್ನುತ್ತಾನೆ ಮೇಲೆ ನಿಂತ ಕಾಕಾ. ಹುಡುಗನ ಸೊಂಟಕ್ಕೆ ಬಿಗಿದ ಬಾವಿಹಗ್ಗದ ಇನ್ನೊಂದು ತುದಿ ಕಾಕಾನ ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದೆ.